ಹನ್ನೊಂದು ಹಬ್ಬ

ಅರಬ್ಬಿಯಲ್ಲಿ ಮಾತ್ರೆಗೆ ಹಬ್ಬ ಅನ್ನುತ್ತಾರೆ.
ಒಮಾನಿನ ಈ ಸೂರ್ ಪಟ್ಟಣಕ್ಕೆ ಬಂದ ಮೊದಲ ವಾರ
ಔಷಧದ ಕಿಟಕಿಯ ಹಿಂದೆ ನಿಂತು
ನಗು ತಡೆಯಲಾರದೆ ಕೆಮ್ಮಿದ್ದೆ:
ದಿನಕ್ಕೆ ಮೂರು ಹಬ್ಬ, ಊಟವಾದ ಮೇಲೆ.
ಹತ್ತೊಂಬತ್ತು ವರ್ಷವಾಯಿತು.
ಈಗ ಕೆಮ್ಮು ಬರುವುದಿಲ್ಲ.

ಖಲ್ಫಾನ್ ಬಿನ್ ಸುವೈಲಿಂ ಡಬ್ಬಿ ತಂದಿದ್ದಾರೆ.
ಹಲ್ವಾದ ಹಳೇ ಡಬ್ಬಿ, ಮುಚ್ಚಳದಲ್ಲಿ ತುಕ್ಕು ಹಿಡಿದ ಗುಲಾಬಿ.
ಎಂಬತ್ತೊಂದು ವರ್ಷ. ಹಡಗು ಕಟ್ಟಿದ ಕೈ;
ಹೆಬ್ಬೆರಳಿನ ಅರ್ಧ ಉಗುರು ಯಾವುದೋ ಹಲಗೆಗೆ ಕೊಟ್ಟದ್ದು.
ಮಗಳು ಶಮ್ಸಾ ಹೇಳುತ್ತಾಳೆ:
ರಂಜಾನಿನಿಂದೀಚೆಗೆ ಎರಡು ಸಲ ಬಿದ್ದರು,
ಎರಡೂ ರಾತ್ರಿ, ಎರಡೂ ಬಚ್ಚಲಿನ ದಾರಿಯಲ್ಲಿ.

ಹೊಸ ಫಾರಂ ಬಂದಿದೆ, ಮುಪ್ಪಿನ ಸೊರಗನ್ನು ಅಳೆಯುವುದಕ್ಕೆ.
ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ಬನ್ನಿ.
ಇಪ್ಪತ್ತಾರು ಸೆಕೆಂಡು.
ಶಮ್ಸಾ ಕೈ ನೀಡಿದಳು, ಅವರು ಹಿಡಿಯಲಿಲ್ಲ.
ತೂಕ ಇಳಿದಿದೆಯೆ? ಹೆಗಲ ಮೇಲಿನ ಬಟ್ಟೆಯೇ ಹೇಳುತ್ತದೆ.
ಒಂದು ಗಡಿಯಾರ ಬರೆಯಿರಿ.
ಅವರು ಬರೆದದ್ದು ದಿಕ್ಸೂಚಿ.
ಅಂಕಿಗಳ ಜಾಗದಲ್ಲಿ ಒಂದೊಂದು ಗೀಟು,
ಗೀಟಿಗೊಂದು ನಕ್ಷತ್ರದ ಹೆಸರು, ಬಾಯಲ್ಲೇ.
ಒಂದೂ ತಪ್ಪಲಿಲ್ಲ ಅಂತ ಕಾಣುತ್ತೆ; ನನಗೇನು ಗೊತ್ತು.
ಫಾರಂ ಪ್ರಕಾರ ತಪ್ಪು.
ತಪ್ಪು ಅಂತ ಹಾಕಿದೆ.

ಮುಂದಿನದು: ದಿನಕ್ಕೆ ಐದು ಅಥವಾ ಹೆಚ್ಚು ಬಗೆಯ ಔಷಧ?
ಡಬ್ಬಿ ಮಗುಚಿದೆ.
ಗಂಗೊಳ್ಳಿಯ ಶಾಲೆಯಲ್ಲಿ ನಾಗಪ್ಪ ಖಾರ್ವಿ ಮಾಸ್ತರು
ಬೋರ್ಡಿನ ಮೇಲೆ ಮಾತ್ರೆ ಎಣಿಸಲು ಕಲಿಸಿದ್ದರು,
ಲಘುವಿಗೆ ಒಂದು, ಗುರುವಿಗೆ ಎರಡು,
ಒಂದು ಹೆಚ್ಚಾದರೂ ಸಾಲು ಕುಂಟುತ್ತದೆ ಎಂದು.
ನನ್ನ ಎಣಿಕೆ ತಪ್ಪುತ್ತಲೇ ಇತ್ತು, ಬೆತ್ತ ತಿಂದವಳು.
ಇಲ್ಲಿ ತಪ್ಪಲಿಲ್ಲ. ಹನ್ನೊಂದು.

ಹೌದು ಎಂದು ಗುರುತು ಹಾಕಿ ಮುಂದೆ ಹೋಗಬಹುದಿತ್ತು.
ಹೊರಗೆ ಟೋಕನ್ ಅರವತ್ತೆರಡು ಕೂಗುತ್ತಿತ್ತು.
ಆದರೆ ಮೇಜಿನ ಮೇಲೆ ಅವು ತಾವಾಗೇ ಸಾಲುಗಟ್ಟಿದವು:
ರಕ್ತದೊತ್ತಡಕ್ಕೆ ಬಿಳಿಯದು.
ಬಿಳಿಯದರಿಂದ ಕಾಲು ಊದಿತು; ಊತಕ್ಕೆ ನೀರಿಳಿಸುವುದು.
ನೀರಿಳಿದು ರಾತ್ರಿ ನಾಲ್ಕು ಸಲ ಎದ್ದರು; ಏಳದಿರಲು ಇನ್ನೊಂದು.
ಅದರಿಂದ ಬಾಯಿ ಒಣಗಿತು, ತಲೆ ಮಂಕಾಯಿತು, ನಿದ್ದೆ ಕೆಟ್ಟಿತು;
ನಿದ್ದೆಗೆ ಹಳದಿ.
ಹಳದಿ ನುಂಗಿ ಎದ್ದವರು ಬಿದ್ದರು.
ಬಿದ್ದ ನೋವಿಗೆ ಮತ್ತೊಂದು,
ನೋವಿನದರಿಂದ ಹೊಟ್ಟೆ ಉರಿಯದಿರಲು ಮಗದೊಂದು.
ಬರೆದ ಕೈ ನಾಲ್ಕು, ಆಸ್ಪತ್ರೆ ಮೂರು.
ಯಾರೂ ತಪ್ಪು ಬರೆದಿಲ್ಲ. ಯಾರೂ ಡಬ್ಬಿ ಮಗುಚಿರಲಿಲ್ಲ.
ಎಷ್ಟೋ ಸಲ ಕೊಟ್ಟವಳು ನಾನೇ,
ಚೀಟಿಯ ಮೇಲಿರುವುದು ನನ್ನದೇ ಅಕ್ಷರ.

ಫಾರಂ ಕೇಳುವುದು ಎಷ್ಟು ಎಂದು ಮಾತ್ರ.
ಸೊರಗಿದ್ದಕ್ಕೆ ಇಷ್ಟೋ, ಇಷ್ಟಾದ್ದಕ್ಕೆ ಸೊರಗೋ,
ಅದಕ್ಕೆ ಚೌಕವಿಲ್ಲ.

‘ನಿಮ್ಮ ಮಂಜರೂರಿನ ಮರ ನಾನು ಬಲ್ಲೆ’ ಅಂದರು ಖಲ್ಫಾನ್, ಸುಮ್ಮನೆ.
‘ಒಳ್ಳೇ ಮರ. ಒಂದು ಮೊಳೆ ಹೆಚ್ಚಾದರೆ ಮಾತ್ರ ಸೀಳುತ್ತದೆ.’
ಮಾತ್ರೆಯ ಬಗ್ಗೆ ಅಲ್ಲ,
ಮರದ ಬಗ್ಗೆಯೇ ಹೇಳುತ್ತಿದ್ದರು.

ಸೂಡಾನಿನ ಡಾಕ್ಟರ್ ತಿಜಾನಿ ನನ್ನ ಪಟ್ಟಿ ನೋಡಿ
ಕನ್ನಡಕ ತೆಗೆದು, ಮತ್ತೆ ಹಾಕಿ,
ಒಂದೊಂದಾಗಿ, ಅಂದರು. ಅವಸರ ಬೇಡ.
ಬಂದ ದಾರಿಯಲ್ಲೇ ಹಿಂದಕ್ಕೆ ಹೋಗೋಣ.

ಮೂರು ತಿಂಗಳು ಹಿಡಿಯಿತು.
ಬಿಳಿಯದರ ಜಾಗಕ್ಕೆ ಬೇರೊಂದು; ಅದರ ಹಿಂದೆ ಬಂದ ಐದೂ ಹೋದವು.
ಮೂರು ಮೀಟರ್, ಹತ್ತೊಂಬತ್ತು ಸೆಕೆಂಡು.
ಬಿದ್ದಿಲ್ಲ. ಕಿಂಗ್‌ಫಿಶ್ ತಲೆ ಬೇಕೆಂದು ಹಟ ಮಾಡುತ್ತಾರಂತೆ.
ಗಡಿಯಾರ ಈಗಲೂ ದಿಕ್ಸೂಚಿಯೇ.
ಐದು ಅಥವಾ ಹೆಚ್ಚು?
ಆರು. ಹಾಗಾಗಿ ಹೌದು.
ಆ ಗುರುತು ಇದ್ದಲ್ಲೇ ಇದೆ.

ಡಬ್ಬಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ತೋರಿಸಿದರು,
ಈಗ ಸದ್ದು ಮಾಡುತ್ತದೆ.
ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ ನಮ್ಮ ಕಡೆ.
ಇದು ತುಂಬಿದ್ದಾಗ ತುಳುಕುತ್ತಿದ್ದದ್ದು
ಹೊತ್ತುಕೊಂಡ ಮನುಷ್ಯ.
ಅದನ್ನು ಅರಬ್ಬಿಯಲ್ಲಿ ಹೇಳಲು ಹೋಗಿ
ಅರ್ಧಕ್ಕೆ ಬಿಟ್ಟೆ.
ಮುಂದಿನ ಟೋಕನ್.